ಜೆಬ್ಬುಜದ ಜೇಬುಗಳ್ಳ

ತನ್ನ ಸಂಪಾದನೆಗೆ ಕನ್ನ ಬಿದ್ದಿದೆ ಎಂದು ಚೆನ್ಸಾ ಜಹ್ರಾಗೆ ತಿಳಿದದ್ದು ಮಾಲ್ಟಾದ ಗ್ಜೀರಾ ಪಟ್ಟಣದ ಪಸ್ತಿಜ್ಜಿ ಅಂಗಡಿಯಲ್ಲಿ, ಗರಿಗರಿ ಪದರಿನ ಆ ತಿಂಡಿಯೊಳಗಿನ ಬಿಸಿ ರಿಕೊಟ್ಟಾ ಚೀಸ್ ನಾಲಿಗೆ ಸುಟ್ಟ ಕ್ಷಣದಲ್ಲಿ.

ಪಕ್ಕದಲ್ಲಿ ನಿಂತು ತಿನ್ನುತ್ತಿದ್ದವನು ಫಿಂಟನ್. ಐರ್ಲೆಂಡಿನವನು, ಆನ್‌ಲೈನ್ ಕ್ಯಾಸಿನೋ ಒಂದರಲ್ಲಿ ಕೆಲಸ. ಗಿರಾಕಿ ಕಳಿಸಿಕೊಡುವ ಚೆನ್ಸಾಳಂಥವರನ್ನು ಸಂಭಾಳಿಸುವುದೇ ಅವನ ಉದ್ಯೋಗ. ಮಾತಿಗೆ ಮಾತು ಬಂದು ಹೇಳಿಬಿಟ್ಟ: ಹೊಸ ಕಾನೂನು ಬಂದರೇನು, ಉತ್ತರದೇಶದ ಹಳೆಯ ಆಟಗಾರರೆಲ್ಲ ಕಂಪನಿಯ ಹೊಸ ಕ್ಯಾಸಿನೋಗೆ ಬಂದು ಆಗಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ.

ಚೆನ್ಸಾ ಅಗಿಯುವುದನ್ನು ನಿಲ್ಲಿಸಿದಳು. ಎಲ್ಲರೂ ಬಂದಿದ್ದಾರೆ? ಹಾಗಾದರೆ ಅವಳ ಪಾಲು ಎಲ್ಲಿ?

ಫಿಂಟನ್ ಬಾಯಿಗೆ ಇಡೀ ಪಸ್ತಿಜ್ಜಿ ತುರುಕಿಕೊಂಡ. ಯಾರ ಪಾಲು ಯಾರಿಗೆ ಎಂಬುದು ಕಂಪನಿಯ ಗುಟ್ಟು ಎಂದು ತುಂಬಿದ ಬಾಯಲ್ಲಿ ಗೊಣಗಿ ಜಾಗ ಖಾಲಿ ಮಾಡಿದ.

ಅದೇ ಕಟ್ಟೆಗೆ ಮೊಣಕೈ ಊರಿ ಚಹಾ ಹೀರುತ್ತಿದ್ದವರು ಇಂದ್ರಿ ಶ್ವೆರೆಬ್, ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ್; ಊರವರ ಬಾಯಲ್ಲಿ 'ಸುರ್', ಅಂದರೆ ಸಾಹೇಬರು. ಹೆಸರು ಇಂದ್ರಿ, ಇಂದ್ರಿಯಗಳಲ್ಲಿ ಕಣ್ಣೊಂದು ರಜೆಯ ಮೇಲಿತ್ತು. ಹಿಂದಿನ ದಿನ ಕನ್ನಡಕದ ಮೇಲೆ ತಾವೇ ಕೂತು, ಅದನ್ನು ರಿಪೇರಿಗೆ ಕೊಟ್ಟಿದ್ದರು. ಚೆನ್ಸಾ ಅವರ ತೋಳು ಹಿಡಿದು ಹೊರಡಿಸಿದಳು.

"ಮೂರು ಗಂಟೆಗೆ ದಲ್ಲಾಳಿ ಬರ್ತಾನೆ, ಸುರ್ ಇಂದ್ರಿ. ಸಹಿ ಹಾಕಿದ್ರೆ ನನ್ನ ಜಾಲತಾಣ ಜೆಬ್ಬುಜ ಇನ್ನು ನನ್ನದಲ್ಲ."

"ಮಾರಿ ಅಂದೋರು ಯಾರು?"

"ನನ್ನ ತಮ್ಮನ ಮಗ ಸಾಲ್ವು. ಹೆಣಕ್ಕೆ ಎಷ್ಟು ದಿನ ಅಂತ ತಲೆ ಬಾಚ್ತೀರಿ ಅತ್ತೆ ಅಂತಾನೆ."

"ಹೆಣವೋ, ಮೂರ್ಛೆಯೋ—ನಾಡಿ ಹಿಡಿದು ನೋಡಿದ್ರಾ?"

ಲಿಫ್ಟ್ ಕೆಟ್ಟಿತ್ತು. ಕಚೇರಿಯ ಮೆಟ್ಟಿಲು ಹತ್ತುವಾಗ ಚೆನ್ಸಾ ಏದುಸಿರಿನ ನಡುವೆ ಕಥೆ ಹೇಳಿದಳು. ಜೆಬ್ಬುಜ ಅಂದರೆ ಮಾಲ್ಟೀಸ್ ಭಾಷೆಯಲ್ಲಿ ಒಂದು ಆಲಿವ್ ಕಾಯಿ. ಅವಳ ಜಾಲತಾಣದ ಹೆಸರು. ಯಾವ ಕ್ಯಾಸಿನೋ ನಂಬಿಕಸ್ತ, ಯಾವುದು ಗೆದ್ದ ಹಣ ಕೊಡಲು ಸತಾಯಿಸುತ್ತದೆ ಎಂದು ಅದು ಬರೆಯುತ್ತದೆ. ಓದಿದವನು ಅಲ್ಲಿಂದಲೇ ಒಂದು ಕೊಂಡಿ ಒತ್ತಿ ಕ್ಯಾಸಿನೋಗೆ ಹೋಗುತ್ತಾನೆ. ಅವನು ಆಡುವಷ್ಟು ಕಾಲ, ಅವನ ಸೋಲಿನಲ್ಲಿ ಇವಳಿಗೆ ಪಾಲು.

ಆಮೇಲೆ ಉತ್ತರದ ಆ ಹಿಮದ ದೇಶ ಕಾನೂನು ಬದಲಿಸಿತು. ಅಲ್ಲಿಯ ಪರವಾನಗಿ ಪಡೆದು ಹೊಸದಾಗಿ ತೆರೆದ ಕ್ಯಾಸಿನೋಗಳಲ್ಲಿ ಮಾತ್ರ ಆಟ. ಹಳಬರೂ ಅಲ್ಲಿ ಹೊಸ ಖಾತೆ ತೆರೆಯಬೇಕು. ಕೊಂಡಿಗಳು ನಿಷಿದ್ಧ. 'ನಿಮ್ಮನ್ನು ಕಳಿಸಿದ್ದು ಯಾರು' ಎಂಬ ಚೌಕದಲ್ಲಿ ಆಟಗಾರನೇ ಒಂದು ಗುರುತಿನ ಪದ ಒತ್ತಿದರೆ ಉಂಟು, ಇಲ್ಲದಿದ್ದರೆ ಪಾಲೂ ಇಲ್ಲ, ಪಾಡೂ ಇಲ್ಲ.

"ನಿಮ್ಮಂಥ ಬೇರೆಯವರ ಆದಾಯ?" ಇಂದ್ರಿ ಮೆಟ್ಟಿಲ ಮೇಲೆ ನಿಂತರು.

"ಎಲ್ಲರದೂ ಇಳೀತು."

"ನಿಮ್ಮದು?"

"ಇಳೀಲಿಲ್ಲ. ಬಿತ್ತು."

ಒಳಗೆ ಇಬ್ಬರಿದ್ದರು. ಕಿಟಕಿಯ ಹತ್ತಿರ ಇಲ್ಮಿ: ಅದೇ ಹಿಮದ ದೇಶದವಳು, ಅಲ್ಲಿಯ ಓದುಗರಿಗಾಗಿ ಅವರ ಭಾಷೆಯಲ್ಲಿ ಬರೆಯುವವಳು. ಮಾಲ್ಟೀಸನ್ನು ಪುಸ್ತಕ ಹಿಡಿದು ಕಲಿತಿದ್ದಳು; ಬಸ್ಸಿನ ಬೋರ್ಡನ್ನು ಕೂಡ ಪರೀಕ್ಷೆಗೆ ಕೂತವಳಂತೆ ಅಕ್ಷರ ಅಕ್ಷರವಾಗಿ ಓದುತ್ತಿದ್ದಳು. ಯಂತ್ರಗಳ ಮುಂದೆ ಸಾಲ್ವು: ತಾಣದ ತಾಂತ್ರಿಕ ಕೆಲಸವೆಲ್ಲ ಅವನದು. ದನಿಯೋ, ಪಕ್ಕದ ಗೋಜೊ ದ್ವೀಪದ ದೋಣಿಯ ಧ್ವನಿವರ್ಧಕ. ಗೋಜೊಗೆ ಹೋಗುವವರಿಗೆ ಆ ಗೋಜು ಗೊತ್ತು—ಪ್ರತಿ ಮಾತೂ ಪ್ರಕಟಣೆ.

ಹೊರಗೆ ಯಾರದೋ ಹೊಸ ಕಟ್ಟಡಕ್ಕೆ ಬಂಡೆ ಕೊರೆಯುತ್ತಿದ್ದರು. ಚೆನ್ಸಾ ಕೂರುತ್ತಾಳೆ, ಏಳುತ್ತಾಳೆ, ಗಡಿಯಾರ ನೋಡುತ್ತಾಳೆ, ಮತ್ತೆ ಕೂರುತ್ತಾಳೆ.

ಇಂದ್ರಿ ಬಂದ ಕಾರಣ ಕೇಳಿ ಸಾಲ್ವು ನಕ್ಕ. ಕಾನೂನು ಕಳ್ಳನಾದರೆ ಪೊಲೀಸರು ಯಾರನ್ನು ಹಿಡಿಯುತ್ತಾರೆ ಎಂದ. ಆಮೇಲೆ ದನಿ ತಗ್ಗಿಸಿ—ಅಂದರೆ ಪಕ್ಕದ ಮನೆಗೆ ಮಾತ್ರ ಕೇಳುವಂತೆ—ಇನ್ನೊಂದು ಮಾತು ಸೇರಿಸಿದ: ಆಟಗಾರರಿಗೆ ಹೋದ ಸಂದೇಶ ಇಲ್ಮಿಯ ಭಾಷೆಯಲ್ಲಿತ್ತು. ಅದರಲ್ಲಿ ಅವಳು ಏನು ಬರೆದಳೋ, ತಮಗೇನು ಗೊತ್ತು?

ಇಲ್ಮಿಯ ಕಿವಿ ಕೆಂಪಾಯಿತು. "ನಾನು ಬರೆದದ್ದು ಒಂದೇ ವಾಕ್ಯ. ಹೊಸ ಖಾತೆ ತೆರೆಯುವಾಗ ಆ ಚೌಕದಲ್ಲಿ ಈ ಪದ ಹಾಕಿ ಅಂತ. ಪದ ಸಾಲ್ವು ಕೊಟ್ಟದ್ದು."

"ಯಾವ ಪದ?" ಇಂದ್ರಿ ಕೇಳಿದರು.

"ಇನ್ಯಾವುದು?" ಸಾಲ್ವು ಎದ್ದು ಗೋಡೆಯ ಬಿಳಿ ಹಲಗೆಯ ಮೇಲೆ ಸರಸರನೆ ಗೀಚಿದ. "ಜೆಬ್ಬುಜ. ಅತ್ತೆಯ ಹೆಸರಲ್ಲೇ ನೋಂದಾಯಿಸಿದ್ದೀನಿ. ಬೇಕಾದ್ರೆ ನೋಡ್ಕೊಳ್ಳಿ."

ಚೆನ್ಸಾ ತಲೆಯಾಡಿಸಿದಳು. ನೋಂದಣಿಯನ್ನು ಅವಳೂ ಕಣ್ಣಾರೆ ನೋಡಿದ್ದಳು. ಪದ ಅವಳದೇ.

ಇಂದ್ರಿ ಹಲಗೆಯತ್ತ ಕಣ್ಣು ಕಿರಿದು ಮಾಡಿದರು. ಅವರಿಗೆ ಕಂಡದ್ದು ನೀಲಿ ಮಂಜು. "ನನ್ನ ಕಣ್ಣು ರಿಪೇರಿಗೆ ಹೋಗಿದೆ. ಇಲ್ಮಿ, ಸ್ವಲ್ಪ ಓದಮ್ಮ."

ಇಲ್ಮಿ ಎಂದಿನಂತೆ ಅಕ್ಷರಕ್ಕೆ ಅಕ್ಷರ ಕೂಡಿಸಿದಳು. "ತ್ಸೆ... ಬ್ಬು... ಗ."

ಅಷ್ಟು ಹೊತ್ತಿನ ಚಡಪಡಿಕೆಯಲ್ಲೂ ಚೆನ್ಸಾಗೆ ನಗು ಬಂತು. "ಜೆಬ್ಬುಜ ಕಣೇ. ಇಷ್ಟು ವರ್ಷ ಆದ್ರೂ ನಮ್ಮ ಆಲಿವ್ ನಿನ್ನ ಬಾಯಿಗೆ ಬರಲ್ವಲ್ಲ."

"ಬರುತ್ತೆ," ಇಲ್ಮಿ ಮೆಲ್ಲಗೆ ಹೇಳಿದಳು. "ಬರೆದದ್ದನ್ನ ಓದಿದೆ, ಅಷ್ಟೆ."

ಇಂದ್ರಿಯವರ ಕೈ ಗಲ್ಲದ ಮೇಲೆ ನಿಂತಿತು. ಸಾಲ್ವು ಹಲಗೆ ಒರೆಸುವ ಬಟ್ಟೆ ಎತ್ತಿಕೊಂಡ.

"ಒರೆಸಬೇಡಪ್ಪ. ಇಲ್ಮಿ, ಊರಲ್ಲಿ ಯಾರಿದಾರೆ ನಿನಗೆ?"

"ಅಣ್ಣ. ತೌನೊ."

"ಈಗಲೇ ಫೋನ್ ಹಚ್ಚು. ಎಲ್ಲರಿಗೂ ಕೇಳೋ ಹಾಗೆ."

ತೌನೊ ಸಿಕ್ಕಿದ. ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ಒಂದು ಚಳಿಗಾಲ ಕಳೆಯುವಂಥ ದನಿ. ಇಲ್ಮಿ ಅವನನ್ನು ಹೊಸ ಕ್ಯಾಸಿನೋದ ಖಾತೆ ತೆರೆಯುವ ಪುಟಕ್ಕೆ ಕರೆದೊಯ್ದಳು. ಆಟಗಾರರಿಗೆ ಹೋದ ಸಂದೇಶವನ್ನೇ ಅವನಿಗೂ ಕಳಿಸಿ, ಅದರಲ್ಲಿರುವ ಪದವನ್ನು ನೋಡಿಕೊಂಡು ಚೌಕದಲ್ಲಿ ಒತ್ತಲು ಹೇಳಿದಳು. ಅವನು ಏನೋ ಕೇಳಿದ. ಅವಳು ಮೂವರಿಗೂ ತಿಳಿಸಿದಳು: ಅಕ್ಷರಗಳ ತಲೆಯ ಮೇಲೆ ನೊಣ ಕೂತ ಹಾಗಿದೆ, ತನ್ನ ಕೀಲಿಮಣೆಯಲ್ಲಿ ಅಂಥ ನೊಣವಿಲ್ಲ, ಬಿಟ್ಟು ಒತ್ತಲೇ ಎನ್ನುತ್ತಿದ್ದಾನೆ.

"ಬಿಟ್ಟೇ ಒತ್ತಲಿ," ಎಂದರು ಇಂದ್ರಿ.

ಚೌಕದ ಪಕ್ಕ ಹಸಿರು ಗುರುತು ಬಂತಂತೆ.

"ಈಗ ಬಾಯಿಗೆ ಬಂದದ್ದು ಏನಾದ್ರೂ ಒತ್ತಲಿ."

ಕೆಂಪು. ಅಂಥ ಪದವೇ ಇಲ್ಲ ಎಂದಿತಂತೆ ಪುಟ.

ಹೊರಗೆ ಬಂಡೆ ಕೊರೆಯುವ ಸದ್ದು ನಿಂತಿತು. ಚೆನ್ಸಾ ಹಲಗೆಯನ್ನು ಈಗ ಮೊದಲ ಬಾರಿಗೆ ನೋಡುವವಳಂತೆ ನೋಡಿದಳು.

"ಚುಕ್ಕಿ," ಎಂದಳು.

"ಚುಕ್ಕಿ," ಇಂದ್ರಿ ಕುರ್ಚಿ ಎಳೆದು ಕೂತರು. "ಕೊನೇ ಅಕ್ಷರಕ್ಕೆ ಚುಕ್ಕಿ ಇದ್ರೆ ಜ, ಇಲ್ಲದಿದ್ರೆ ಗ. ಮೊದಲನೇ ಅಕ್ಷರದ ಮೇಲೂ ಒಂದು ಚುಕ್ಕಿ, ಬಿಟ್ರೆ ತ್ಸ. ನಾವು ಮಾಲ್ಟಾದವರು ಚುಕ್ಕಿ ಬಿಟ್ಟು ಬರೀತೀವಿ, ಇಟ್ಕೊಂಡು ಓದ್ತೀವಿ. ಫೋನಲ್ಲಿ ಯಾರು ಚುಕ್ಕಿ ಹಾಕ್ತಾರೆ? ಈ ಹಲಗೆ ನಿಮ್ಮ ಕಣ್ಣೆದುರೇ ಇತ್ತು ಚೆನ್ಸಾ, ಆದ್ರೂ ನೀವು ಜೆಬ್ಬುಜ ಅಂತಲೇ ಓದಿದ್ರಿ. ನನಗೆ ಕನ್ನಡಕ ಇದ್ದಿದ್ರೆ ನಾನೂ ಹಾಗೇ ಓದಿರ್ತಿದ್ದೆ. ಯಂತ್ರಕ್ಕೆ ಮಾತ್ರ ನಮ್ಮ ದಾಕ್ಷಿಣ್ಯ ಇಲ್ಲ. ಅದಕ್ಕೆ ಅವು ಎರಡು ಪದ."

"ನನ್ನದು ಚುಕ್ಕಿ ಇರೋದು," ಚೆನ್ಸಾ ನಿಧಾನವಾಗಿ ಹೇಳಿದಳು.

"ಅಲ್ಲಿ ಅದನ್ನ ಒತ್ತೋಕೆ ಯಾರಿಗೂ ಬರಲ್ಲ. ಎಲ್ಲರೂ ಒತ್ತಿದ್ದು ಬೋಳು ಪದ. ಅದು ಯಾರದೂ ಅಲ್ಲದಿದ್ರೆ ಕೆಂಪು ಬರಬೇಕಿತ್ತು. ಕೆಂಪು ಬಂದಿದ್ರೆ ಆಟಗಾರರು ದೂರಿನ ಸುರಿಮಳೆ ಸುರಿಸಿರೋರು. ಒಬ್ಬನಾದ್ರೂ ದೂರಿದನಾ?"

ಯಾರೂ ದೂರಿರಲಿಲ್ಲ.

"ಅಂದ್ರೆ ಬೋಳು ಜೆಬ್ಬುಜಕ್ಕೂ ಒಬ್ಬ ಯಜಮಾನ ಇದಾನೆ. ಇಲ್ಮಿ, ನಿನ್ನ ಜನಕ್ಕೆ ಈ ಚುಕ್ಕಿ ಒತ್ತೋಕೆ ಬರಲ್ಲ ಅಂತ ನಿನಗೆ ಗೊತ್ತಿತ್ತು. ಯಾಕೆ ಹೇಳಲಿಲ್ಲ?"

"ಹೇಳಿದ್ದೆ." ಇಲ್ಮಿ ತಲೆ ಎತ್ತಿದಳು. "ಸಂದೇಶ ಕಳಿಸೋ ಮುಂಚೆ ಸಾಲ್ವುಗೇ ಹೇಳಿದ್ದೆ. ಯಂತ್ರ ಎರಡನ್ನೂ ಒಪ್ಕೊಳ್ಳುತ್ತೆ, ನಾನೇ ಒತ್ತಿ ನೋಡಿದ್ದೀನಿ ಅಂದ್ರು."

"ಹೌದಪ್ಪ, ಒಪ್ಕೊಂಡಿತ್ತು," ಇಂದ್ರಿ ಸಾಲ್ವು ಕಡೆ ತಿರುಗಿದರು. "ಯಾಕಂದ್ರೆ ಅಷ್ಟರಲ್ಲಿ ಬೋಳು ಪದವನ್ನ ನಿನ್ನ ಖಾತೆಗೆ ನೋಂದಾಯಿಸಿಕೊಂಡಿದ್ದೆ. ಚೆನ್ಸಾ, ಗುರುತಿನ ಪದಕ್ಕೆ ಚುಕ್ಕಿ ಹಾಕಿಸಲೇಬೇಕು ಅಂತ ಹಟ ಹಿಡಿದವರು ಯಾರು?"

ಚೆನ್ಸಾ ಅವನತ್ತ ಬೆರಳು ತೋರಿಸಿದಳು. ಸಾಲ್ವುವೇ. ನಮ್ಮ ಭಾಷೆಯ ಮರ್ಯಾದೆ ಅತ್ತೆ, ಹೆಸರನ್ನಾದರೂ ನೆಟ್ಟಗೆ ಬರೆಯೋಣ ಎಂದಿದ್ದ. ಆ ಮಾತಿಗೆ ಅಂದು ಅವಳ ಕಣ್ಣಲ್ಲಿ ನೀರು ಬಂದಿತ್ತು.

"ಈಗ ತಾನೇ ಹಲಗೆ ಮೇಲೆ ಬರೆದೆ. ಒಂದು ಚುಕ್ಕಿಯಾದ್ರೂ ಇಟ್ಟೆಯಾ? ಜನ್ಮದಲ್ಲೇ ಚುಕ್ಕಿ ಇಡದವನಿಗೆ ಅದೊಂದು ದಿನ ಮಾತ್ರ ಭಾಷೆ ಮೇಲೆ ಪ್ರೀತಿ ಉಕ್ಕಿತು. ಅಲ್ಲೇ ನೀನು ಎಡವಿದ್ದು, ಸಾಲ್ವು."

ಸಾಲ್ವುವಿನ ಧ್ವನಿವರ್ಧಕ ಕೆಟ್ಟಿತ್ತು. "ನಮ್ಮ ತಾಣ ಹೇಗೂ ಉರೀತಿತ್ತು ಅತ್ತೆ. ಇವತ್ತು ಕೊಂಡಿ ಬೇಡ ಅಂದ್ರು. ನಾಳೆ ಪದವೂ ಬೇಡ ಅಂತಾರೆ. ಬೆಂಕಿ ಹಚ್ಚಿದ್ದು ಕಾನೂನು, ನಾನಲ್ಲ."

"ಉರಿಯೋ ಮನೇಲಿ ಗಳ ಹಿರಿದವನು ನೀನು," ಎಂದರು ಇಂದ್ರಿ. "ಎಲ್ಲರದೂ ಇಳೀತಿರೋವಾಗ ಇವರದು ಯಾಕೆ ಬಿತ್ತು ಅಂತ ಯಾರೂ ಕೇಳಲ್ಲ ಅಂದ್ಕೊಂಡೆ. ಅತ್ತೆ ಕೇಳೋದರೊಳಗೆ ತಾಣ ಮಾರಿಸಿಬಿಡೋಣ ಅಂತ ದಲ್ಲಾಳಿಯನ್ನೂ ಹುಡುಕಿ ತಂದೆ."

ಫಿಂಟನ್‌ಗೆ ಫೋನ್ ಹೋಯಿತು. ಪದದ ಯಜಮಾನನೇ ಕೇಳಿಕೊಂಡರೆ ಆಟಗಾರರನ್ನು ಚೆನ್ಸಾಳ ಖಾತೆಗೆ ಸೇರಿಸಬಹುದು, ಬೇರೆ ಯಾರು ಕೇಳಿದರೂ ಆಗದು ಎಂದ ಅವನು. ಚೆನ್ಸಾ ಫೋನನ್ನು ಸಾಲ್ವುವಿನ ಮುಂದೆ ಇಟ್ಟಳು. ಅವನು ತನ್ನ ಹೆಸರು ಹೇಳಿ ಕೇಳಿಕೊಂಡ. ಆ ಕಡೆ ಫಿಂಟನ್ ಆಗಲಿ ಎಂದ.

ಕೆಳಗಿನ ಬಾಗಿಲ ಗಂಟೆ ಸದ್ದು ಮಾಡಿತು. ದಲ್ಲಾಳಿ. ಸಾಲ್ವು ಅಭ್ಯಾಸಬಲದಿಂದ ಎದ್ದ.

"ಕೂತ್ಕೋ," ಎಂದಳು ಚೆನ್ಸಾ.

ತಾನೇ ಇಳಿದು ಹೋದಳು. ಮೇಲಿದ್ದವರಿಗೆ ಮಾತು ಕೇಳಿಸಲಿಲ್ಲ. ಬಾಗಿಲು ಮುಚ್ಚಿದ್ದು ಕೇಳಿಸಿತು. ಅವಳು ಮತ್ತೆ ಮೆಟ್ಟಿಲು ಹತ್ತಿ ಬರುವ ತನಕ ಇಲ್ಮಿ ಬೆರಳು ಹಿಸುಕಿಕೊಳ್ಳುತ್ತ ಕೂತಿದ್ದಳು. ಇಂದ್ರಿ ಕೇಳಿದರು: ಪೊಲೀಸ್ ಠಾಣೆಗೆ ಹೋಗುವುದೋ, ಬೇಡವೋ? ಕಾನೂನು ಇದೆಯಲ್ಲ.

"ಕಾನೂನು ಈ ವರ್ಷ ನನಗೆ ಮಾಡಿರೋದು ಸಾಕು, ಸುರ್ ಇಂದ್ರಿ."

ಅವಳು ಸಾಲ್ವುವಿನ ಕುರ್ಚಿಯ ಹಿಂದೆ ಬಂದು ನಿಂತಳು. ಅವನು ತಿರುಗಲಿಲ್ಲ.

"ಬರೋ ಭಾನುವಾರ ನಿಮ್ಮಪ್ಪ ಊಟಕ್ಕೆ ಕರೆದಿದಾನೆ. ಮೊಲದ ಮಾಂಸ ಮಾಡಿಸ್ತಾನಂತೆ. ನಾನು ಬರ್ತೀನಿ. ಬಾಯಿ ಬಿಡಲ್ಲ. ಉಣ್ಣೋಕೆ ಕೂರೋದರೊಳಗೆ ಅವನಿಗೆ ಎಲ್ಲಾ ನೀನೇ ಹೇಳಿರಬೇಕು."

ಸಾಲ್ವು ಹೇಳಿದ: ಅದಕ್ಕಿಂತ ಠಾಣೆಗೇ ಬರುತ್ತೇನೆ, ಅತ್ತೆ.