ಜೇಬಿನಲ್ಲಿ ಅರಿಶಿನ ಬೂರುಗ

"ಎಲಿ ಒಂದೂ ಇಲ್ಲ... ಹೂ ಮಾತ್ರ ಎಷ್ಟ್ ಅದಾವ ನೋಡ್ರಿ!"

ಯಾರಿಗೆ ಹೇಳಿದಳೋ ಉಜ್ಜಿನಮ್ಮನಿಗೇ ಗೊತ್ತಿರಲಿಲ್ಲ. ರಾಯದುರ್ಗದ ಆ ಜೀನ್ಸ್ ಯೂನಿಟ್ಟಿನಲ್ಲಿ ಕರೆಂಟ್ ಹೋಗಿತ್ತು. ಹಿಂಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತು ಗುಡ್ಡದ ಕಡೆ ನೋಡುತ್ತಿದ್ದಳು. ಬಂಡೆಗಳ ನಡುವೆ ಒಂದು ಅರಿಶಿನ ಬೂರುಗದ ಮರ. ಬೋಳು ಕೊಂಬೆಗಳ ತುದಿಯಲ್ಲೆಲ್ಲ ಅಂಗೈಯಗಲದ ಹಳದಿ ಹೂಗಳು!

"ಅಷ್ಟೊಂದು ಇಷ್ಟಾನೇನ್ರೀ?"

ತಿರುಗಿದರೆ ಟೈಲರ್ ಮೂಡಲಗಿರಿ, ಅಮರಾಪುರದವನು. ಇಷ್ಟು ಹತ್ತಿರ ನಿಂತಿದ್ದಾನೆ! ಅವಳು ಸೆರಗು ಸರಿಮಾಡಿಕೊಂಡಳು.

"ಇಷ್ಟ ಆದ್ರೇನ್ರಿ... ಅಲ್ಲೀತನಕ ಹತ್ತಾಕ ಕಾಲಾಗ ಶಕ್ತಿ ಎಲ್ಲೈತಿ?"

ಸುಳ್ಳಲ್ಲ. ಗುಮ್ಮಘಟ್ಟದಿಂದ ಶೇರ್ ಆಟೋದಲ್ಲಿ ನೇತಾಡಿಕೊಂಡು ಬಂದು, ದಿನವಿಡೀ ಪ್ಯಾಂಟುಗಳ ದಾರ ಕತ್ತರಿಸಿ, ಇಬ್ಬರು ತಂಗಿಯರ ಮದುವೆ ಮುಗಿಸುವಷ್ಟರಲ್ಲಿ ಅವಳಿಗೆ ಇಪ್ಪತ್ತೊಂಬತ್ತಾಗಿತ್ತು. ಕನ್ನಡಿ ನೋಡುವುದನ್ನೂ ಬಿಟ್ಟಿದ್ದಳು ಪಾಪ.

ಮರುದಿನ ಮೂಡಲಗಿರಿ ಹೊಲಿದು ತಂದಿಟ್ಟ ಪ್ಯಾಂಟುಗಳ ಕಟ್ಟು ಬಿಚ್ಚಿದಳು. ಮೇಲಿನ ಪ್ಯಾಂಟಿನ ಜೇಬಿನಲ್ಲಿ ಒಂದು ಹಳದಿ ಹೂ!

'ನನಗಾ...? ಛೇ, ಹುಚ್ಚಿ!'

ಪಕ್ಕದಲ್ಲೇ ಇಪ್ಪತ್ತರ ಹೇಮಶ್ರೀ ಕೂತಿದ್ದಳು. ಅವನ ಊರ ಕಡೆಯ ಹುಡುಗಿ, ನಕ್ಕರೆ ಕೆನ್ನೆಯಲ್ಲಿ ಗುಳಿ. 'ಈಕಿಗೆ ಎದುರಿಗೆ ಕೊಡಾಕ ನಾಚಿಕಿ. ಅಕ್ಕನಂಥಾ ನನ್ನ ಕೈಲಿ ಕಳಿಸ್ಯಾನ.'

"ತಗೊ, ನಿಂದು" ಎಂದು ಕೊಟ್ಟುಬಿಟ್ಟಳು. ಹೇಮಶ್ರೀ ಖುಷಿಯಾಗಿ ಮುಡಿದಳು.

ಹೀಗೇ ಎಂಟು ದಿನ. ದಿನಾ ಒಂದು ಹೂ ಬಂತು, ದಿನಾ ಉಜ್ಜಿನಮ್ಮ ದಾಟಿಸಿದಳು. ಕೊಡುವ ಮುಂಚೆ ಒಂದು ಗಳಿಗೆ ಅಂಗೈಯಲ್ಲಿಟ್ಟು ನೋಡುತ್ತಿದ್ದಳು... ಒಂಬತ್ತನೇ ದಿನ ಜೇಬು ಖಾಲಿ. ಮೂಡಲಗಿರಿ ಅವಳ ಮುಖವನ್ನೂ ನೋಡಲಿಲ್ಲ.

"ಗಿರಿ ಮಧ್ಯಾಹ್ನದ ಬಸ್ಸಿಗೆ ಬಳ್ಳಾರಿಗೆ ಹೊಂಟಾನ. ಅಲ್ಲೇ ಕೆಲಸಕ್ಕ ಸೇರ್ತಾನಂತ" ಎಂದರು ಸೂಪರ್‌ವೈಸರ್ ಗೋಪಾಲಪ್ಪ.

ಉಜ್ಜಿನಮ್ಮ ಗಾಬರಿಯಿಂದ ಹೇಮಶ್ರೀಯನ್ನು ನೋಡಿದಳು. ಅವಳೋ, ತನ್ನ ಕಟ್ಟಿನ ಗಂಟಿಗೆ ಹಲ್ಲು ಹಾಕಿ ಒದ್ದಾಡುತ್ತಿದ್ದಳು.

"ಈ ಗಿರಿಯಣ್ಣ ಹಾಕಿದ ಗಂಟು ಬಿಚ್ಚೋಕೆ ಹಲ್ಲೇ ಬೇಕು ಕಣಕ್ಕ! ನಿನ್ ಕಟ್ಟು ಮಾತ್ರ ಎಳದ್ರೆ ಸಾಕು, ಬಿಚ್ಕೊಳ್ಳುತ್ತೆ."

"ಅಣ್ಣನಾ?"

"ಮತ್ತೆ? ನಂಗೆ ಮಾವನ ಮಗನ ಜೊತೆ ಮದ್ವೆ ಗೊತ್ತಾಗೈತಲ್ಲ! ಅಂದಂಗೆ, ದಿನಾ ನಂಗೆ ಹೂ ಎಲ್ಲಿಂದ ತರ್ತಿದ್ದೆ?"

ಉಜ್ಜಿನಮ್ಮ ತನ್ನ ಹೆಬ್ಬೆರಳು ನೋಡಿಕೊಂಡಳು. ಕತ್ತರಿ ಹಿಡಿದು ಹಿಡಿದು ಬೊಬ್ಬೆ ಒಡೆದ ಬೆರಳು. ಎರಡು ತಿಂಗಳಿಂದ ಅವಳ ಕಟ್ಟಿಗೆ ಮಾತ್ರ ಸಡಿಲ ಗಂಟು! ಅವನದು ಸೋಮಾರಿತನ ಎಂದುಕೊಂಡಿದ್ದಳು. ಅಯ್ಯೋ... ಅವನು ಈ ಬೆರಳು ನೋಡಿದ್ದ!

ಎದ್ದು ಅವನ ಮಷೀನಿನ ಹತ್ತಿರ ಓಡಿದಳು. ಅವನು ತನ್ನ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ.

"ಹೊಂಟ್ರಾ?"

"ಇಷ್ಟ ಇಲ್ಲ ಅಂತ ಬಾಯಲ್ಲೇ ಹೇಳಬಹುದಿತ್ತು ಕಣ್ರೀ" ಅವನ ದನಿ ಸೋತಿತ್ತು. "ದಿನಾ ಬೆಳಗ್ಗೆ ಗುಡ್ಡ ಹತ್ತಿ ತಂದಿದ್ದು... ಬೇರೆಯವರ ತಲೇಲಿ ನೋಡ್ದೆ."

"ನನಗ ಅಂತ ತಿಳೀಲಿಲ್ರಿ!" ಅವಳ ಕಣ್ಣುಗಳು ತುಂಬಿದವು. "ಇಷ್ಟು ವರ್ಷದಾಗ ನನಗ ಯಾರು ಹೂ ತಂದಾರ? ಆಕಿಗೆ ಅಂತ ಕೊಟ್ಟೆ... ಕೊಡೋವಾಗ ಹೊಟ್ಟಿ ಉರೀತಿತ್ತು."

ಅವನು ಕತ್ತರಿ ಸುತ್ತಿದ್ದ ಬಟ್ಟೆಯನ್ನು ಮೆಲ್ಲಗೆ ಬಿಚ್ಚಿದ.

"ಹೂವೆಲ್ಲ ಮುಗಿದೋದ್ವು. ಮೇಲಿನ ಕೊಂಬೇಲಿ ಒಂದೇ ಒಂದು ಉಳಿದೈತೆ. ನಾಳೆ ತರ್ತೀನಿ."

"ಕೀಳಬ್ಯಾಡ್ರಿ. ಭಾನುವಾರ ಹೋಗಿ ಅಲ್ಲೇ ನೋಡೋಣು."

"ಕಾಲಾಗೆ ಶಕ್ತಿ ಇಲ್ಲ ಅಂದಿದ್ರಿ?"

"ಇಲ್ರಿ, ಈಗ್ಲೂ ಇಲ್ಲ" ಕಣ್ಣೊರೆಸಿಕೊಳ್ಳುತ್ತ ನಕ್ಕಳು. "ಅಲ್ಲಲ್ಲಿ ಕುಂತು ಹತ್ತಿದ್ರಾತು... ನೀವು ಕಾಯ್ತೀರಲ್ಲ?"

"ಕಾಯ್ತೀನಿ" ಎಂದು ಅವನು ಕತ್ತರಿಯನ್ನು ಮತ್ತೆ ಮಷೀನಿನ ಮೇಲಿಟ್ಟ.