ಬಿಸಿಲೇರುವ ಹೊತ್ತಿಗೆ ಕೂಗುವ ಕೊಳವೆ

"ಏಯ್! ಆ ಪೆಟ್ಟಿಗೆ ಮುಟ್ಟಬೇಡಿ!"

ಟಾಮ್ಸಿನ್ ಕಾರಿನ ಬಾಗಿಲನ್ನೂ ಮುಚ್ಚದೆ ಓಡಿದಳು. ಪಶ್ಚಿಮ ಆಸ್ಟ್ರೇಲಿಯಾದ ಮೆರೆಡಿನ್ ಊರಾಚೆಯ ಗೋಧಿ ಹೊಲದ ಅಂಚಿನಲ್ಲಿ, ಗಣಿ ಊರುಗಳಿಗೆ ನೀರು ಒಯ್ಯುವ ಉಕ್ಕಿನ ಕೊಳವೆ. ಅದರ ಬೆನ್ನ ಮೇಲೆ ಅವಳೇ ಕೂರಿಸಿದ್ದ ವೈರ್‌ಲೆಸ್ ಸೆನ್ಸರ್. ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತ ಒಬ್ಬ ಎತ್ತರದ ಗಂಡಸು!

"ಮುಟ್ಟಿಲ್ಲ ಕಣ್ರೀ, ನೋಡ್ತಿದ್ದೆ ಅಷ್ಟೆ," ಅವನು ಎರಡೂ ಕೈ ಮೇಲೆತ್ತಿದ. "ನಾನು ಕ್ಯಾಲಮ್. ಈ ಕೊಳವೆ ರಿಪೇರಿ ಮಾಡೋನು. ಬಿರುಕು ಬಿಡ್ತಿದೆ ಅಂತ ನಿಮ್ಮ ಪೆಟ್ಟಿಗೆ ಬೊಬ್ಬೆ ಹೊಡೀತಲ್ಲ, ಅದಕ್ಕೇ ಬಂದೆ."

ಟಾಮ್ಸಿನ್ ಕೆಂಪಾದಳು.

ಉಕ್ಕಿನೊಳಗಿನ ಸಣ್ಣ ಸದ್ದನ್ನೂ ಕೇಳಿಸಿಕೊಂಡು, ಅನುಮಾನ ಬಂದರೆ ಇಬ್ಬರ ಫೋನಿಗೂ ಎಚ್ಚರಿಕೆ ಕಳಿಸುವುದು ಆ ಸೆನ್ಸರಿನ ಕೆಲಸ. ಎಚ್ಚರಿಕೆ ಬಂದಾಗಲೆಲ್ಲ ಸೆನ್ಸರಿನವಳೂ ರಿಪೇರಿಯವನೂ ಜೊತೆಯಾಗಿಯೇ ನೋಡಬೇಕೆಂಬುದು ನಿಯಮ. ಹೀಗಾಗಿ ಇಬ್ಬರೂ ಮೊಣಕಾಲೂರಿ ಬೆಸುಗೆಯ ಗೆರೆಗಳನ್ನೆಲ್ಲ ಹುಡುಕಿದರು. ಬಿರುಕಿನ ಸುಳಿವೇ ಇಲ್ಲ.

"ಪಾಪ, ಕೆಟ್ಟ ಕನಸು ಬಿದ್ದಿರಬೇಕು ಅದಕ್ಕೆ," ಎಂದು ಕ್ಯಾಲಮ್ ತಾನು ತಿನ್ನಲು ತಂದಿದ್ದ ಪೈಯಲ್ಲಿ ಅರ್ಧ ಮುರಿದುಕೊಟ್ಟ. ತನ್ನೂರು ಪರ್ತ್‌ಗೆ ಮರಳುವ ದಾರಿಯುದ್ದಕ್ಕೂ ಅವಳು ಆ ಮಾತು ನೆನೆದು ಒಬ್ಬಳೇ ನಗುತ್ತಿದ್ದಳು.

ಮುಂದಿನ ವಾರ ಮತ್ತೆ ಎಚ್ಚರಿಕೆ. ಈ ಸಲ ಹೊರಡುವ ಮುನ್ನ ಅವಳು ಕನ್ನಡಿ ನೋಡಿಕೊಂಡು, ಕೂದಲು ಸರಿಮಾಡಿಕೊಂಡಳು! 'ಛೇ, ನನಗೇನಾಗಿದೆ? ಸೆನ್ಸರ್ ಕೆಟ್ಟಿದೆಯೋ, ನನ್ನ ತಲೆ ಕೆಟ್ಟಿದೆಯೋ...'

ಈ ಸಲವೂ ಬಿರುಕಿರಲಿಲ್ಲ. ಅಲ್ಲಿರುವಾಗಲೇ ಅವಳ ಮೇಲಧಿಕಾರಿ ಮಾರ್ಗೋ ಫೋನ್ ಮಾಡಿದಳು.

"ಇನ್ನೊಂದು ಸಲ ಕಾರಣ ಇಲ್ದೆ ಕೂಗಿದ್ರೆ ಎಲ್ಲ ಸೆನ್ಸರ್ ಕಿತ್ಕೊಂಡು ಬಂದ್ಬಿಡು. ಪ್ರಯೋಗ ಅಲ್ಲಿಗೆ ಮುಗೀತು."

ಎರಡು ವರ್ಷದ ದುಡಿಮೆ! ಟಾಮ್ಸಿನ್ ತಲೆಯೆತ್ತಿದಳು. ಎದುರಿಗೆ ಕ್ಯಾಲಮ್, ಕೈಯಲ್ಲಿ ಅದೇ ಸ್ಪ್ಯಾನರ್.

"ನೀವೇ ಕೊಳವೆಗೆ ಬಡೀತಿದ್ದೀರಾ?"

"ಏನು?"

"ಸೆನ್ಸರ್ ಗೆದ್ರೆ ನಿಮ್ಮ ಕೆಲಸ ಹೋಗುತ್ತೆ ಅಂತ ಭಯಾನಾ? ಹೇಳಿ!"

ಅವನ ಮುಖದ ನಗು ಆರಿಹೋಯಿತು. ಗಾಡಿ ಹತ್ತಿ ಹೊರಟುಹೋದ. ಅವಳಿಗೆ ಅಳು ಒತ್ತರಿಸಿ ಬಂತು. ಕಳ್ಳನನ್ನು ಹಿಡಿದ ಮೇಲೆ ಸಮಾಧಾನವಾಗಬೇಕಿತ್ತಲ್ಲ, ಎದೆ ಯಾಕೆ ಹೀಗೆ ಉರಿಯುತ್ತಿದೆ?

ಆ ರಾತ್ರಿ ಅವಳು ಊರಿನ ಮೋಟೆಲಿನಲ್ಲೇ ಉಳಿದಳು. ನಸುಕಿಗೇ ಕೊಳವೆಯ ಬಳಿ ಹೋದರೆ, ಬೇಲಿಯ ಮೇಲೆ ಕ್ಯಾಲಮ್ ಮುದುಡಿ ಕೂತಿದ್ದ. ಹುಲ್ಲೆಲ್ಲ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು.

"ನನ್ನ ಹಿಡಿಯೋಕೆ ಬಂದ್ರಾ?" ಅವನ ದನಿ ಬಿಗಿಯಾಗಿತ್ತು.

"ಮತ್ತೆ ನೀವು?"

"ನಿಮ್ಮನ್ನ ಹಿಡಿಯೋಕೆ! ನೀವೇ ಸುಮ್ಸುಮ್ನೆ ಎಚ್ಚರಿಕೆ ಕಳಿಸ್ತಿದ್ದೀರೇನೋ ಅನ್ನಿಸ್ತು."

"ನಾನಾ? ನನ್ನ ಕೆಲಸಕ್ಕೆ ನಾನೇ ಕಲ್ಲು ಹಾಕ್ಕೊಳ್ಳಲಾ?"

ಅಷ್ಟರಲ್ಲಿ ಸೂರ್ಯ ಮೇಲೆ ಬಂದ. ಗುಲಾಬಿ ಗಿಳಿಗಳು ಕೊಳವೆಯ ಮೇಲೆ ಬಂದು ಸಾಲಾಗಿ ಕೂತವು. ಇಬ್ಬರೂ ಕೊಳವೆಯಿಂದ ದೂರವೇ ಇದ್ದರು.

ಠಣ್!

ಗಿಳಿಗಳು ಚೀರುತ್ತ ಹಾರಿಹೋದವು. ಚಳಿಗೆ ಕುಗ್ಗಿದ್ದ ಉಕ್ಕು ಬಿಸಿಲಿಗೆ ಹಿಗ್ಗಿ, ಕಾಂಕ್ರೀಟ್ ಆಸರೆಯ ಮೇಲೆ ಸರಕ್ಕನೆ ಜಾರಿತ್ತು. ಮರುಕ್ಷಣವೇ ಇಬ್ಬರ ಫೋನುಗಳೂ ಕೂಗಿದವು.

"ಬಿಸಿಲು!" ಟಾಮ್ಸಿನ್ ಉಸಿರುಬಿಟ್ಟಳು. ಕಾರಣ ಸಿಕ್ಕಿತ್ತು. ಈ ಸದ್ದನ್ನು ಬೇರೆಯಾಗಿ ಗುರುತಿಸಲು ಸೆನ್ಸರಿಗೆ ಕಲಿಸಿದರಾಯಿತು, ಪ್ರಯೋಗ ಉಳಿಯುತ್ತದೆ. "ಕ್ಯಾಲಮ್... ನನ್ನ ಕ್ಷಮಿಸಿ."

"ಹೋದ ಎರಡು ಸಲವೂ ಬಿಸಿಲೇರೋ ಹೊತ್ತಿಗೇ ಕೂಗಿತ್ತಲ್ವಾ? ನಿಮಗೆ ಹೊಳೀಲೇ ಇಲ್ವಾ?"

ಅವಳು ತಲೆ ತಗ್ಗಿಸಿದಳು.

"ಹೊಳೆದಿತ್ತು... ನಂಬೋಕೆ ಮನಸ್ಸಾಗ್ಲಿಲ್ಲ."

"ಯಾಕೆ?"

"ನೀವೇ ಬಡೀತಿದ್ದೀರಿ ಅಂತ ಅಂದ್ಕೊಂಡಿದ್ದೆ. ನಿನ್ನೆ ಕೆಲಸದ ಭಯಾನಾ ಅಂತ ಬೈದೆನಲ್ಲ, ಅದು ಬಾಯಿಮಾತು. ಒಳಗೊಳಗೇ... ನನ್ನ ನೋಡೋಕೆ ಬಡೀತಿದ್ದೀರೇನೋ ಅಂತ ಆಸೆ ಇತ್ತು!"

ಕ್ಯಾಲಮ್ ಬೇಲಿಯಿಂದ ಇಳಿದು ಹತ್ತಿರ ಬಂದ. ಅವನ ಕಿವಿಯೂ ಕೆಂಪಾಗಿತ್ತು.

"ಬಡೀಬೇಕು ಅಂತ ನನಗೂ ಅನ್ನಿಸಿತ್ತು. ಊರಿನ ನೀರು, ಬಡಿಯೋಕೆ ಕೈ ಬರ್ಲಿಲ್ಲ. ಎಚ್ಚರಿಕೆ ಬರ್ಲಿ, ನೀವು ಬರ್ಲಿ ಅಂತ ದಿನಾ ಫೋನ್ ನೋಡ್ಕೊಂಡು ಕೂತಿರ್ತಿದ್ದೆ."

ಟಾಮ್ಸಿನ್ ಕಣ್ಣೊರೆಸಿಕೊಂಡು ನಕ್ಕಳು.

"ಇನ್ಮೇಲೆ ಇದು ಸುಮ್ನೆ ಕೂಗಲ್ಲ. ನಾನು ಬರೋಕೆ ನೆಪಾನೇ ಇಲ್ಲ."

"ನೆಪ ಯಾಕೆ? ನಾನು ಕರೀತೀನಲ್ಲ. ಶನಿವಾರ ಊಟಕ್ಕೆ ಬಾ ಟಾಮ್ಸಿನ್."

"ಶನಿವಾರದ ತನಕ ಕಾಯ್ಬೇಕಾ?"

"ಹಾಗಾದ್ರೆ ಈಗ್ಲೇ ತಿಂಡಿಗೆ ನಡಿ," ಎಂದು ಅವನು ಚಳಿಗೆ ಮರಗಟ್ಟಿದ್ದ ಅವಳ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡ.