ಅವಳ ಟೆಂಪ್ಲೇಟ್ ಅಳಿಸಿದ ಸಾಲು

"ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರ ಕೈಗೆ ಸ್ವಿಚ್ ಕೊಟ್ರೆ ಇನ್ನೇನಾಗುತ್ತೆ?"

ಆಸ್ಪತ್ರೆಯ ನೆಟ್‌ವರ್ಕ್ ಇಂಜಿನಿಯರ್ ಅವಳು; ಎಂಟು ಜನರ ಎದುರು ಅಂದೇಬಿಟ್ಟಳು. ಓದಿದವರಿಗೆ ಸಿಟ್ಟು ಬಂದರೆ ಎಸೆಯೋಕೆ ಈ ಕಲ್ಲು ಸದಾ ಜೇಬಲ್ಲೇ ಇರುತ್ತೆ!

ಏಣಿಯ ಮುಖ ಕಪ್ಪಿಟ್ಟಿತು. ಯಾವಾಗಲೂ ಏಣಿ ಹತ್ತಿ ಕೇಬಲ್ ಎಳೆಯುವವನಿಗೆ ಆಸ್ಪತ್ರೆಯವರು ಇಟ್ಟ ಹೆಸರದು. ಶಾಲೆ ಬಿಟ್ಟ ವಿಷಯವನ್ನು ಅವನು ಅವಳೊಬ್ಬಳಿಗೇ ಹೇಳಿದ್ದ. ಹೋದ ವಾರ, ಟೀ ಕುಡಿಯುತ್ತಾ, ತಲೆ ತಗ್ಗಿಸಿಕೊಂಡು...

"ಏಳನೇ ಕ್ಲಾಸಾ ಗುರುವೇ?" ಯಾರೋ ಕಿಸಕ್ಕನೆ ನಕ್ಕರು.

ಮೂರನೇ ಮಹಡಿಯ ಕಂಪ್ಯೂಟರುಗಳಿಗೆ ನೆಟ್‌ವರ್ಕ್ ಹೋಗಿ ಅರ್ಧ ಗಂಟೆ. ಲ್ಯಾಬ್ ರಿಪೋರ್ಟ್ ಒಂದೂ ವಾರ್ಡಿಗೆ ಬರುತ್ತಿಲ್ಲ. ಕಂಪ್ಯೂಟರುಗಳನ್ನು ಜೋಡಿಸುವ ನಲವತ್ತು ನೆಟ್‌ವರ್ಕ್ ಸ್ವಿಚ್ಚುಗಳಿಗೆ ಒಂದೊಂದಾಗಿ ಸೆಟ್ಟಿಂಗ್ ಟೈಪ್ ಮಾಡುವ ಬದಲು ಅವಳು ಒಂದೇ ಅಚ್ಚಿನ ಟೆಂಪ್ಲೇಟ್ ಬರೆದು, ಸ್ಕ್ರಿಪ್ಟಿನಲ್ಲಿ ಒಂದೇ ಏಟಿಗೆ ಎಲ್ಲಕ್ಕೂ ಕಳಿಸಿದ್ದಳು. ಮೂವತ್ತೊಂಬತ್ತು ಸರಿಯಾಗಿದ್ದವು; ಕೆಟ್ಟಿದ್ದು ಮೂರನೇ ಮಹಡಿಯದೊಂದೇ, ಹಿಂದೊಮ್ಮೆ ಏಣಿ ರಿಪೇರಿ ಮಾಡಿದ್ದು.

"ಒಂದೇ ಕೆಟ್ಟಿದೆ ಅಂದ್ರೆ ಅದಕ್ಕೆ ಕೈ ಹಾಕಿದವನ ತಪ್ಪು," ಮ್ಯಾನೇಜರ್ ತೀರ್ಪು ಕೊಟ್ಟರು. "ಏಣಿ, ನಾಳೆಯಿಂದ ಬರಬೇಡ."

ಅವನು ಬ್ಯಾಗ್ ಎತ್ತಿಕೊಂಡು ಹೊರಟ.

ಸ್ಕ್ರಿಪ್ಟ್ ಓಡಿಸುವ ಮುಂಚೆ ಉಳಿಸಿಟ್ಟ ಆ ಸ್ವಿಚ್ಚಿನ ಹಳೇ ಸೆಟ್ಟಿಂಗನ್ನು ಅವಳು ತೆರೆದಳು. ಕೇಬಲ್ ಸಿಕ್ಕಿಸುವ ಒಂದನೇ ಪೋರ್ಟಿನ ಪಕ್ಕ ಇಂಗ್ಲಿಷಿನಲ್ಲೊಂದು ಸಾಲು: 'ಮೇನ್ ಲೈನ್ ಇಲ್ಲಿದೆ, ಮುಟ್ಟಬೇಡಿ.'

ಎರಡು ಸ್ಪೆಲ್ಲಿಂಗ್ ತಪ್ಪು. ವಿಷಯ ನೂರಕ್ಕೆ ನೂರು ಸರಿ.

ಬೇರೆಲ್ಲ ಕಡೆ ಮೇನ್ ಲೈನ್ ಇರುವುದು ಕೊನೇ ಪೋರ್ಟಿನಲ್ಲಿ. ಇಲ್ಲಿ ಆ ಪೋರ್ಟ್ ಸುಟ್ಟುಹೋಗಿ, ಅವನು ಲೈನನ್ನು ಒಂದನೆಯದಕ್ಕೆ ಬದಲಿಸಿದ್ದ. ಅವಳ ಟೆಂಪ್ಲೇಟ್ ಅದನ್ನು ಸಾದಾ ಪೋರ್ಟ್ ಮಾಡಿ, ಅವನ ಸಾಲನ್ನೂ ಅಳಿಸಿತ್ತು.

'ಮೇಡಂ, ಮೂರನೇ ಮಹಡೀದು ಬೇರೆ ಥರ' ಅಂತ ಮೊನ್ನೆ ಹೇಳಿಯೂ ಇದ್ದ... ಅವಳು ಸ್ಕ್ರೀನಿಂದ ಕಣ್ಣೆತ್ತದೆ 'ಹೂಂ' ಅಂದಿದ್ದಳು...

"ಸರ್, ತಪ್ಪು ನಂದು. ಅವರದಲ್ಲ," ಎಲ್ಲರಿಗೂ ಕೇಳುವಂತೆ ಅಂದು, ಸ್ಕ್ರೀನನ್ನು ಮ್ಯಾನೇಜರ್ ಕಡೆ ತಿರುಗಿಸಿ, ಮೆಟ್ಟಿಲ ಕಡೆ ಓಡಿದಳು.

"ನಿಲ್ಲಿ... ಟೆಂಪ್ಲೇಟೇ ತಪ್ಪು. ಸರ್‌ಗೆ ಹೇಳಿದೀನಿ. ನಿಮ್ಮ ಕೆಲಸ ಹೋಗೋಕೆ ಬಿಡಲ್ಲ."

ಅವನು ತಿರುಗಿದ. "ಪೋರ್ಟ್ ಐದು ನಿಮಿಷದ ಕೆಲಸ ಮೇಡಂ. ಶಾಲೆ ವಿಷಯ ನಿಮಗೊಬ್ಬರಿಗೇ ಹೇಳಿದ್ದೆ."

"ನೀವಂದ್ರೆ ನಂಗೆ ಜೀವ... ಅಂಥವಳ ಬಾಯಲ್ಲೇ ಆ ಮಾತು..." ಅವಳು ಒಂದು ಮೆಟ್ಟಿಲು ಕೆಳಗಿಳಿದಳು. "ಇನ್ನೊಂದ್ಸಲ ನನ್ನ ನಂಬ್ತೀರಾ?"

ಅವನು ಅವಳನ್ನು ದಾಟಿ, ಪೋರ್ಟ್ ಸರಿಮಾಡಲು ಮೂರನೇ ಮಹಡಿಯತ್ತ ಮೆಟ್ಟಿಲು ಹತ್ತಿ ಹೋದ.